ಕಬ್ಬಿಣದ ಕುರ್ಚಿಯ ಸದ್ದು

"ಆ ಕುರ್ಚಿಮ್ಯಾಲ ಕೂಡಬ್ಯಾಡ್ರಿ ಬಾಯಾರ!"

ಅರ್ಧ ಕುಳಿತಿದ್ದ ಮನೀಷಾ ಉಂಬರ್ಜೆ ತಟ್ಟನೆ ಎದ್ದು ನಿಂತಳು. ತೀರಿಕೊಂಡವರ ಕುರ್ಚಿ ಇರಬೇಕು, ಗೌರವಕ್ಕೆಂದು ಯಾರನ್ನೂ ಕೂರಿಸುವುದಿಲ್ಲವೇನೋ ಎಂದುಕೊಂಡಳು.

"ಹಲಕುಡೆ ಸಾಹೇಬ್ರದೇನ್ರಿ ಇದು?" ಎಂದು ಮೆಲ್ಲಗೆ ಕೇಳಿದಳು.

"ಯಾರದರ ಇರವಲ್ದ್ಯಾಕ್ರಿ, ಅದರ ಒಂದು ಕಾಲು ಸಡ್ಲ ಆಗ್ಯದ. ಮೊನ್ನಿ ತಹಸೀಲ್ ಆಫೀಸಿನವರೊಬ್ರು ಕೂತು ಅಂಗಾತ ಬಿದ್ದಾರ," ಎಂದ ಭೀಮಣ್ಣ. "ಈ ಕಬ್ಬಣದ್ದು ಘಟ್ಟಿ ಅದ. ಇದರಾಗ ಕೂಡ್ರಿ."

ಅಕ್ಕಲಕೋಟದ ಈ ಹಳೆಯ ವಾಡೆ ಶಾಸಕ ಉದಯಕುಮಾರ ದಾದಾ ಅವರದು. ಭೀಮಣ್ಣ ಅದನ್ನು ಕಾಯುವವನು. ಕೋಣೆಯಲ್ಲಿ ಇದ್ದದ್ದು ಇಷ್ಟೇ: ಸಾಗವಾನಿಯ ದೊಡ್ಡ ಮೇಜು, ಅದರ ಹಿಂದೆ ಕೈಗಳಿದ್ದ ಮರದ ಕುರ್ಚಿ, ಎದುರಿಗೆ ಮಡಚುವಂಥ ಕಬ್ಬಿಣದ ಕುರ್ಚಿ. ಮೇಜಿನ ಹಿಂದೆ ದಾದಾ ಕೂರುತ್ತಿದ್ದರು. ಎದುರಿಗೆ, ಕಬ್ಬಿಣದ ಕುರ್ಚಿಯಲ್ಲಿ, ಅವರ ಪತ್ರಿಕಾ ಕಾರ್ಯದರ್ಶಿ, ಸಲಹೆಗಾರ ಸಾತಲಿಂಗಪ್ಪ ಹಲಕುಡೆ.

ಹಲಕುಡೆ ಎದೆನೋವಿನಿಂದ ತೀರಿಕೊಂಡು ವಾರ ಕಳೆದಿತ್ತು. ನಿನ್ನೆ ಬೆಳಗಿನಿಂದ ಅವರ ದನಿ ಮಾತ್ರ ಸೊಲ್ಲಾಪುರದ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು.

ಮನೀಷಾ ಮತ್ತೊಮ್ಮೆ ಆ ಧ್ವನಿಮುದ್ರಣದ ತುಣುಕನ್ನು ಹಚ್ಚಿದಳು.

"ಹೌದು, ಬೋರಿನ ನೀರು ಕೆಟ್ಟದ್ದು ನನಗ ಮೊದಲ ಗೊತ್ತಿತ್ತು. ಬಣ್ಣದ ಕಾರ್ಖಾನಿಯವರಿಗೆ ನಾನ ಹೇಳೀನಿ, ಚುನಾವಣಿ ಮುಗಿಯೂತನಕ ಬಾಯಿ ಮುಚ್ಚಿಕೊಂಡಿರ್ರಿ ಅಂತ. ಮಂದಿ ಕುಡದ್ರು. ಇಬ್ರು ಸತ್ರು. ಅದು ನನ್ನ ಮ್ಯಾಲ ಅದ."

ಬಾಗಿಲ ಬಳಿ ನಿಂತಿದ್ದ ರೂಪಾಲಿ ಮುಖ ಹೊರಳಿಸಿದಳು. ಹಲಕುಡೆಯವರ ಒಬ್ಬಳೇ ಮಗಳು. ತುಣುಕನ್ನು ಪರೀಕ್ಷಿಸುವ ಈ ಕೆಲಸವನ್ನು ಮನೀಷಾಳಿಗೆ ಒಪ್ಪಿಸಿದವಳು ಅವಳೇ.

"ಅಕ್ಕಾ, ಇವತ್ತ ನಾಕಕ್ಕ ಶೋಕಸಭಾ. ಪತ್ರಕರ್ತರ ಬಳಗದವರು ಫೋನಿನ ಮ್ಯಾಲ ಫೋನು ಮಾಡಾಕತ್ತಾರ. ಸಭಾ ನಡಸೂದೋ ಬಿಡೂದೋ ಅಂತ. ವೇದಿಕೆ ಮ್ಯಾಲ ನಮ್ಮವ್ವನ್ನ ಕೂಡಸ್ತಾರ. ಎದುರಿಗಿ ಕುಂತ ಮಂದಿ ಈ ಮಾತು ಕಿವಿಯಾಗ ಇಟ್ಕೊಂಡು ಆಕಿ ಮಾರಿ ನೋಡ್ತಾರ."

"ಅದಕ್ಕ ಬಂದೀವಲ್ಲವಾ."

"ಕಂಪ್ಯೂಟರ್‌ದಿಂದ ಮಾಡಿದ ನಕಲಿ ದನಿ ಅಂತ ಬರದುಕೊಡ್ರಿ. ನಿಮ್ಮ ಮಾತು ನಂಬ್ತಾರ. ಅಷ್ಟ ಸಾಕು."

ಮನೀಷಾ ಒಪ್ಪದೆ ತಲೆಯಾಡಿಸಿದಳು. ಖಾಸಗಿ ತನಿಖೆಯ ಈ ಉದ್ಯೋಗಕ್ಕೆ ಇಳಿಯುವ ಮೊದಲು ಅವಳು ಪುಣೆಯ ಪ್ರಯೋಗಾಲಯವೊಂದರಲ್ಲಿ ಧ್ವನಿ ಪರೀಕ್ಷೆ ಮಾಡುತ್ತಿದ್ದಳು. ಭೌತಶಾಸ್ತ್ರ ಓದಿದ ಹುಡುಗಿಗೆ ಅಲ್ಲಿ ಮೊದಲು ಕಲಿಸಿದ ಪಾಠ, ಬೇಕಾದ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಉಪಕರಣ ಮುಟ್ಟಬಾರದು ಎಂಬುದು.

"ದನಿ ನಿಮ್ಮಪ್ಪಂದ ಅದ ರೂಪಾಲಿ. ಉಸಿರು ತಗೊಳ್ಳೂ ರೀತಿನೂ ಅವರದ. ಅಲ್ಲ ಅಂತ ನಾ ಹ್ಯಾಂಗ ಬರದುಕೊಡ್ಲಿ?"

ರೂಪಾಲಿ ಉತ್ತರಿಸುವಷ್ಟರಲ್ಲಿ ಅವಳ ಫೋನು ರಿಂಗಾಯಿತು. ಮರಾಠಿಯಲ್ಲಿ ನಾಲ್ಕು ಮಾತಾಡಿ ಇಟ್ಟಳು. "ನಮ್ಮ ಮನಿಯವರು. ಪುಣೇದಿಂದ ಬಂದು ವಾರ ಆತು, ಅವ್ವನ ಜೋಡಿ ಮಾತಿಲ್ಲ ಕತಿಯಿಲ್ಲ ಕುಂತು ಬ್ಯಾಸರಾಗ್ಯದ. ಕನ್ನಡದಾಗ 'ಊಟಾ ಆತೇನ್ರಿ' ಬಿಟ್ರ ಮತ್ತೇನೂ ಬರಂಗಿಲ್ಲ ಅವರಿಗಿ. ಮುಂಜಾನಿ ಚಾ ಕೊಟ್ರೂ 'ಊಟಾ ಆತೇನ್ರಿ' ಅಂತಾರ."

ಭೀಮಣ್ಣ ಗೊಳ್ಳೆಂದು ನಕ್ಕ. ರೂಪಾಲಿಯೂ ಎರಡು ದಿನಗಳಲ್ಲಿ ಮೊದಲ ಸಲ ನಕ್ಕಳು.

ಮನೀಷಾ ನಗಲಿಲ್ಲ. ಅವಳ ಕಿವಿ ಬೇರೆಲ್ಲೋ ಇತ್ತು. ತುಣುಕಿನಲ್ಲಿ ಮಾತುಗಳ ನಡುನಡುವೆ ಸಣ್ಣದೊಂದು ಸದ್ದು ಬರುತ್ತಿತ್ತು. ಟಿಣ್. ಸ್ವಲ್ಪ ತಡೆದು ಮತ್ತೆ ಟಿಣ್.

"ಭೀಮಣ್ಣಾ, ಇಲ್ಲಿ ಯಾರು ಉಂಗುರ ಹಾಕ್ತಾರ?"

"ದಾದಾ. ಪುಷ್ಕರಾಜ ಹರಳಿಂದು, ಇಷ್ಟು ದಪ್ಪ. ಸಿಟ್ಟು ಬಂತಂದ್ರ ಅದರ್ಲೆ ಬಡೀತಿರ್ತಾರ. ನೋಡ್ರಿಲ್ಲಿ, ಮೇಜಿನ ಅಂಚಿಗಿ ಹ್ಯಾಂಗ ಕಚ್ಚ ಬಿದ್ದಾವ."

ಮೇಜಿನ ಒಳಬದಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳಿದ್ದವು. ಮನೀಷಾ ತನ್ನ ಬೆಳ್ಳಿಯ ಉಂಗುರ ತೆಗೆದು ಅಲ್ಲಿ ಬಡಿದಳು. ಟಕ್. ಮರದ ಕುರ್ಚಿಯ ಕೈಗೆ ಬಡಿದಳು. ಟಕ್. ಮೊಂಡು ಸದ್ದು, ಹುಟ್ಟಿದಲ್ಲೇ ಸಾಯುವಂಥದ್ದು.

ಕೊನೆಗೆ ಕಬ್ಬಿಣದ ಕುರ್ಚಿಯ ಚೌಕಟ್ಟಿಗೆ ಬಡಿದಳು.

ಟಿಣ್.

ಮೂರನ್ನೂ ತನ್ನ ಫೋನಿನಲ್ಲಿ ಹಿಡಿದು, ತುಣುಕಿನ ಸದ್ದಿನ ಪಕ್ಕದಲ್ಲಿಟ್ಟು ನೋಡಿದಳು. ಪರದೆಯ ಮೇಲೆ ಎದ್ದ ಗೆರೆಗಳಲ್ಲಿ ಮೊದಲ ಎರಡು ಹೊಂದಲಿಲ್ಲ. ಮೂರನೆಯದು ಮಾತ್ರ ಒಂದರ ಮೇಲೊಂದಿಟ್ಟ ಹಾಗೆ ಕೂತಿತು.

ಅಂದರೆ ಹಲಕುಡೆ ಆ ಮಾತು ಆಡುವಾಗ ಅವರು ಒಬ್ಬರೇ ಇರಲಿಲ್ಲ. ಉಂಗುರದ ಕೈಯವರೂ ಇದೇ ಕೋಣೆಯಲ್ಲಿದ್ದರು. ಆದರೆ ತಮ್ಮ ಜಾಗದಲ್ಲಿ ಇರಲಿಲ್ಲ.

"ಭೀಮಣ್ಣಾ, ದಾದಾ ಎಂದಾರ ಈ ಕಬ್ಬಣದ ಕುರ್ಚಿಯೊಳಗ ಕೂತದ್ದು ನೋಡೀಯೇನು?"

"ಭಾಳ ಸಲ ನೋಡೀನ್ರಿ. ಪೇಪರಿನವರು ಬರೂ ಹಿಂದಿನ ದಿನಾ ಬಾಗಲಾ ಹಾಕ್ಕೊಂಡು ತಾಲೀಮು ಮಾಡ್ತಿದ್ರು. ಚಾ ಒಯ್ದ್ರ, ಒಮ್ಮೊಮ್ಮಿ ದಾದಾ ಇಲ್ಲಿ, ಸಾಹೇಬ್ರು ಅಲ್ಲಿ. ನಾ ಅನ್ನಾಂವ, ಅಯ್ಯ ಶಿವನ, ಸಾಹೇಬ್ರ ಎಂಎಲ್‌ಎ ಆಗಿಬಿಟ್ರೇನಪ ಅಂತ!"

ಮನೀಷಾ ಹೆಡ್‌ಫೋನು ಕಿವಿಗೇರಿಸಿ ತುಣುಕಿನ ಬಾಲವನ್ನು ಜೋರು ಮಾಡಿದಳು. ಫೋನಿನ ಸ್ಪೀಕರಿನಲ್ಲಿ ಅಲ್ಲಿ ಕುರ್ಚಿ ಎಳೆದ ಗರಗರ ಸದ್ದಷ್ಟೇ ಕೇಳುತ್ತಿತ್ತು. ಈಗ ಅದರ ಕೆಳಗೆ ಹಲಕುಡೆಯವರದೇ ದನಿ, ಬದಿಗೆ ತಿರುಗಿ ಆಡಿದ ಹಾಗೆ, ತಗ್ಗಿದ ದನಿ ಕೇಳಿಸಿತು.

"ಕೇಳಿದ್ರಲ್ಲ ದಾದಾ, ನಿಮ್ಮ ಉತ್ತರ ಹ್ಯಾಂಗ ಕೇಳಸ್ತದ? ಈಗ ನೀವು ಈ ಕಡಿ ಬರ್ರಿ, ನಾ..."

ಅಲ್ಲಿಗೆ ಕತ್ತರಿಸಿತ್ತು.

ಮನೀಷಾ ಹೆಡ್‌ಫೋನು ತೆಗೆದು ರೂಪಾಲಿಗೆ ಕೊಟ್ಟಳು. "ನಿಮ್ಮಪ್ಪ ತಮ್ಮ ತಪ್ಪು ಒಪ್ಪಿಕೊಂಡಿಲ್ಲ. ದಾದಾನ ಜಾಗಾದಾಗ ಕೂತು, ದಾದಾ ಆಗಿ, ದಾದಾನ ಖರೆ ಉತ್ತರಾ ಅವರಿಗೇ ಕೇಳಿಸ್ಯಾರ."

ರೂಪಾಲಿ ಎರಡು ಸಲ ಕೇಳಿದಳು. ಅವಳ ಮುಖದಲ್ಲಿ ಸಂತೋಷ ಮೂಡಬೇಕಿತ್ತು. ಮೂಡಿದ್ದು ಬೇರೇನೋ. ಅಪ್ಪನ ದನಿ ಕೇಳಿದ ದುಃಖವಿರಬಹುದು ಎಂದು ಮನೀಷಾ ಅಂದುಕೊಂಡಳು.

"ಇನ್ನೊಂದು ಗೊತ್ತಾತು," ಎಂದಳು. "ಇದನ್ನ ಕತ್ತರಿಸಿದವರಿಗೆ ಕನ್ನಡ ಬರಂಗಿಲ್ಲ. ಬರ್ತಿದ್ರ ಈ ಕಡೀ ಮಾತು ಬಿಡ್ತಿದ್ದಿಲ್ಲ."

"ಅಕ್ಕಾ, ಹೊತ್ತಾತು. ಹೋಗೋಣ," ಎಂದಳು ರೂಪಾಲಿ.

*

ಕಾರು ಸೊಲ್ಲಾಪುರದ ಕಡೆಗೆ ಓಡುತ್ತಿತ್ತು. ಮನೀಷಾಳ ತಲೆಯಲ್ಲಿ ಹಳೆಯದೊಂದು ಚಿತ್ರ ಕೂತುಬಿಟ್ಟಿತ್ತು.

ಅವಳು ಕಾಲೇಜಿನಲ್ಲಿದ್ದಾಗ ವಿಜ್ಞಾನ ಪ್ರದರ್ಶನಕ್ಕೆ ದಾದಾ ಬಂದಿದ್ದರು. ಅವಳ ಪ್ರಯೋಗದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ಒಂದು ಗಳಿಗೆ ಬಿಟ್ಟು ತೆಳ್ಳಗಿನ ಗೃಹಸ್ಥರೊಬ್ಬರು ಹಿಂತಿರುಗಿ ಬಂದರು. ಪತ್ರಿಕೆಗಳಿಗೆ ಕೊಡಲು ತಾವು ಬರೆದದ್ದನ್ನು ಅವಳಿಗೇ ಓದಿ ಹೇಳಿದರು. "ಸರಿ ಅದ ಏನವಾ?" ಎಂದು ಕೇಳಿದರು.

"ಇದು ಹೊಸಾ ಶೋಧ ಅಲ್ರಿ ಸರ್. ಗೊತ್ತಿದ್ದ ತತ್ವಾನ ನಾ ಮಾಡಿ ತೋರಸೀನಿ ಅಷ್ಟ," ಎಂದಿದ್ದಳು ಹುಡುಗಿ, ಹೆದರುತ್ತ.

ಹಲಕುಡೆ ಅಲ್ಲೇ ನಿಂತು ತಿದ್ದಿದರು. ಮಾರನೆಯ ದಿನ ಯಾವ ಪತ್ರಿಕೆಯಲ್ಲೂ ಶೋಧವೆಂಬ ಮಾತು ಇರಲಿಲ್ಲ. ಒಬ್ಬ ಶಾಸಕನ ಹೊಗಳಿಕೆಯಲ್ಲಿ ಒಂದು ಪದ ಹೆಚ್ಚಾದರೆ ಯಾರ ಗಂಟು ಹೋಗುತ್ತಿತ್ತು? ಅವರಿಗೆ ಮಾತ್ರ ಅದು ನಡೆಯುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಅವಳ ಕೈಕೆಳಗೆ ಬಂದ ಹುಡುಗರಿಗೆಲ್ಲ ಅವಳು ಈ ಸಂಗತಿ ಹೇಳಿದ್ದಳು.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶ ಬಂತು. ಮಗ್ಗಗಳ ಖಟಖಟ ಕಾರಿನ ಗಾಜು ದಾಟಿ ಒಳಗೆ ಬರುತ್ತಿತ್ತು. ಕಾರ್ಖಾನೆಗಳ ಹಿಂದೆ ಕೆಲಸಗಾರರು ವಾಸಿಸುವ ವಸ್ತಿಯ ತಿರುವಿನಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಕೊಡ ಹಿಡಿದ ಹೆಂಗಸೊಬ್ಬಳು ಕಾರನ್ನು ಕಂಡು ಕೈ ಬೀಸಿದಳು. ಕಾರು ನಿಂತಿತು.

"ಹಲಕುಡೆ ಸಾಹೇಬ್ರ ಮಗಳಲ್ಲೇನವಾ ನೀ? ನಾ ಮುಕ್ತಾಬಾಯಿ. ಸಭಾಕ್ಕ ನಾವೂ ಬರಾಕತ್ತೀವಿ."

ರೂಪಾಲಿ ತಲೆ ತಗ್ಗಿಸಿದಳು. ಮನೀಷಾಳೇ ಕೇಳಿದಳು, "ಫೋನಿನಾಗ ಬಂದದ್ದು ಕೇಳಿದ್ರೇನ್ರಿ?"

"ಕೇಳೀನಿ. ನಮ್ಮತ್ತಿ ಆ ನೀರು ಕುಡದ ಸತ್ತಾಳ. ಕೇಳಿ ಹೊಟ್ಯಾಗ ಬೆಂಕಿ ಬಿತ್ತು. ಆದ್ರ ಹೇಳ್ರಿ ಬಾಯಾರ, ನೀರಿನ ಸುದ್ದಿ ಮುಚ್ಚಿಟ್ಟ ಮನಶ್ಯಾ ಮನಿಮನಿ ತಿರುಗಿ ಬೋರಿನ ನೀರು ಮುಟ್ಟಬ್ಯಾಡ್ರಿ ಅಂತ ಕೈಮುಗದಾನೇನು? ಈ ಟ್ಯಾಂಕರ್ ಹಚ್ಚಿದವರು ಅವರ. ಆ ಮನಶ್ಯಾನೂ ಈ ಮಾತೂ ನನಗ ಒಂದಕ್ಕೊಂದು ಕೂಡವಲ್ದು. ಅದಕ್ಕ ಬರಾಕತ್ತೀನಿ. ಯಾರರ ಹೇಳಲಿ ನನಗ."

ಕಾರು ಮುಂದೆ ಹೋದಾಗ ರೂಪಾಲಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

*

ಸಭಾಗೃಹ ತುಂಬಿತ್ತು. ಬೆಳಿಗ್ಗೆ ಸಭೆ ನಡೆಸುವುದೋ ಬಿಡುವುದೋ ಎಂದು ಫೋನು ಮಾಡಿದವರೆಲ್ಲ ಬಂದು ಕೂತಿದ್ದರು. ಹೊಗಳುವುದಕ್ಕೆ ಬಂದವರು ಯಾರು, ತಮಾಷೆ ನೋಡಲು ಬಂದವರು ಯಾರು, ಮುಖ ನೋಡಿ ಹೇಳುವಂತಿರಲಿಲ್ಲ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಶೈಲೇಶ ಒಬ್ಬನೇ ನಿಂತು ಭಾಷಣ ಬಾಯಿಪಾಠ ಮಾಡುತ್ತಿದ್ದ. ಹಲಕುಡೆಯವರ ಕೈಕೆಳಗೆ ಪಳಗಿ, ಈಗ ಅವರದೇ ಜಾಗಕ್ಕೆ ಬಂದಿದ್ದ ಯುವಕ. ಮನೀಷಾ ಒಳಗೆ ಹೋಗಿ ಬಾಗಿಲು ಹಾಕಿದಳು. ರೂಪಾಲಿ ಅವ್ವನ ಬಳಿಗೆ ಹೋಗಿದ್ದಳು.

"ತಾಲೀಮಿನ ಬಗ್ಗೆ ಹೇಳ್ರಿ ಶೈಲೇಶ."

"ಯಾವ ತಾಲೀಮು ಮ್ಯಾಡಮ್?"

"ಕುರ್ಚಿ ಬದಲ ಮಾಡಿ ಕೂತು ಮಾಡೂದು."

"ನನಗೇನು ಗೊತ್ತಿಲ್ರಿ. ನನ್ನ ಭಾಷಣ ಅದ ಈಗ, ಬಿಡ್ರಿ."

"ಭಾಷಣ ಚಲೋ ಬರದೀರಿ. 'ನಿರ್ಮಲ ಚಾರಿತ್ರ್ಯ' ಅನ್ನೂದು ಎರಡು ಸಲ ಬಂತು."

ಶೈಲೇಶ ತನಗರಿವಿಲ್ಲದೆ ಹಾಳೆ ನೋಡಿದ. "ಸರ್ ಇದ್ದಿದ್ರ ಒಂದು ಹೊಡದಹಾಕ್ತಿದ್ರು," ಎಂದ. ಹಾಗೆ ಅಂದು ಹಾಳೆಯನ್ನು ಮಡಚಿ ಹಿಡಿದ.

ಮನೀಷಾ ಹೆಡ್‌ಫೋನನ್ನು ಅವನ ಕಿವಿಗಿಟ್ಟಳು. ಬಾಲದ ಆ ಮಾತು ಮುಗಿಯುವಷ್ಟರಲ್ಲಿ ಅವನು ಗೋಡೆಗೊರಗಿ ಕೂತುಬಿಟ್ಟಿದ್ದ.

"ಮೂವರ ಇದ್ದಿವಿ," ಎಂದ. "ದಾದಾ, ಸರ್, ನಾ. ಸರ್‌ದೊಂದು ಪದ್ಧತಿ ಇತ್ತು. ದಾದಾ ಪೇಪರಿನವರಾಗಿ ಪ್ರಶ್ನಿ ಕೇಳ್ಬೇಕು. ಸರ್ ದಾದಾ ಆಗಿ ಉತ್ತರಾ ಕೊಡ್ತಿದ್ರು. ಮೊದಲ ಖರೆ ಉತ್ತರಾ, ಕನ್ನಡದಾಗ. ಅದನ್ನ ಪೂರಾ ಕೇಳಿದ ಮ್ಯಾಲ ಜಾಗಾ ಬದಲ ಮಾಡಿ, ಹೊರಗ ಏನ ಹೇಳಬೇಕು ಅನ್ನೂದು ಮರಾಠಿಯೊಳಗ. ನಾ ಹೊಸದಾಗಿ ಬಂದಾಗ ಕೇಳಿದ್ದೆ, ಇದ್ಯಾಕ ಸರ್ ಈ ನಾಟಕಾ ಅಂತ. 'ತನ್ನ ಮಾತು ಇನ್ನೊಬ್ಬರ ಬಾಯಿಂದ ಕೇಳಿದ್ರ ನಾಚಿಕಿ ಬರ್ತದಪಾ. ನಾಚಿಕಿ ಬಂದ ಮನಶ್ಯಾ ಕಡಿಮಿ ಹೇಳ್ಯಾನು, ಸುಳ್ಳು ಹೇಳಂಗಿಲ್ಲ,' ಅಂದಿದ್ರು."

"ಇಷ್ಟು ಗೊತ್ತಿದ್ದೂ ನಿನ್ನಿಯಿಂದ ಸುಮ್ಮನಿದ್ದೀರಿ."

"ಹೇಳಿದ್ರ ದಾದಾ ಮುಗೀತಾರ್ರಿ."

"ಹಲಕುಡೆ ಸರ್ ಮುಗದ್ರ ನಡೀತದ?"

"ಸರ್ ಇಲ್ಲಲ್ಲ ಈಗ..."

"ಇಲ್ಲ. ಅದಕ್ಕ ಅವರ ಹೆಸರಿಗಿ ಏನ ಬೇಕಾದ್ದು ಮೆತ್ತಬಹುದು. ಅವರೇನು ಎದ್ದು ಬಂದು ತಿದ್ದಂಗಿಲ್ಲ. ಹೊರಗ ಮುಕ್ತಾಬಾಯಿ ಅಂತ ಒಬ್ಬಾಕಿ ಬಂದು ಕುಂತಾಳ, ಅತ್ತೀನ್ನ ಕಳಕೊಂಡಾಕಿ. ಆಕಿಗಿ ಇರೂವಷ್ಟು ನಂಬಿಗಿ ನಿಮಗಿಲ್ಲೇನು? ನೀವು ಅವರ ಜೋಡಿ ಒಂದ ತಾಟಿನಾಗ ಉಂಡವರು."

ಶೈಲೇಶ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಮನೀಷಾ ಅವನನ್ನು ಅಳಲು ಬಿಟ್ಟಳು, ಆಮೇಲೆ ಮೆತ್ತಗೆ ಕೇಳಿದಳು.

"ರೆಕಾರ್ಡ್ ಮಾಡಿದವರು ಯಾರು?"

"ನಾ ಅಲ್ರಿ, ಆಣಿ ಮಾಡ್ತೀನಿ. ತಾಲೀಮಿಗೆ ಕೂಡೂಮುಂದ ಎಲ್ಲರ ಫೋನು ಹೊರಗ ಭೀಮಣ್ಣನ ಹಂತ್ಯಾಕ ಇರ್ತಿದ್ದುವು. ಆವತ್ತೊಂದಿನಾ ಸರ್ ತಮ್ಮ ಫೋನು ಒಳಗ ತಂದ್ರು. ಕದ್ದು ಅಲ್ಲ, ಮೇಜಿನ ಮ್ಯಾಲ ಎಲ್ಲರ ಕಣ್ಣಮುಂದ ಇಟ್ಟು ಚಾಲೂ ಮಾಡಿದ್ರು. ದಾದಾಗ ಹೇಳಿದ್ರು, 'ಇಷ್ಟು ವರ್ಷ ನಿಮ್ಮ ಮಾತು ನಾ ಕಾದೀನಿ. ಈ ಒಂದು ಮಾತು ನೀವು ಕಾಯಬೇಕು. ವಸ್ತಿ ಮಂದಿ ಮುಂದ ನೀವಾಗಿ ನಿಂತು ಖರೆ ಹೇಳ್ರಿ. ಹೇಳಿದ ದಿನಾ ಇದನ್ನ ನಿಮ್ಮ ಕಣ್ಣಮುಂದ ಅಳಸ್ತೀನಿ.' ದಾದಾ ಹೂಂ ಅಂದ್ರು. ಅಷ್ಟರಾಗ ಸರ್ ಹೋಗಿಬಿಟ್ರು."

"ದಾದಾನ ಹತ್ರ ಇದರದೊಂದು ಪ್ರತಿ?"

"ಇಲ್ಲ. ನನ್ನ ಹತ್ರನೂ ಇಲ್ಲ. ಇದ್ದದ್ದು ಸರ್ ಫೋನಿನಾಗ ಅಷ್ಟ. ಆ ಫೋನು ಅವರ ಮನ್ಯಾಗ ಅದ."

ಇಲ್ಲಿಯವರೆಗೆ ಮನೀಷಾ ವೈರಿಯನ್ನು ಹುಡುಕಿದ್ದು ರಾಜಕೀಯದ ಕಡೆ: ವಿರೋಧ ಪಕ್ಷ, ಕಾರ್ಖಾನೆಯವರು, ದಾದಾನ ಸುತ್ತಲಿನವರು. ಆ ತುಣುಕು ಹಲಕುಡೆಯವರ ಮನೆಯ ಹೊಸ್ತಿಲೊಳಗಿನಿಂದ ಹೊರಬಿದ್ದಿತ್ತು.

"ನೀವು ಈಗ ವೇದಿಕೆ ಮ್ಯಾಲ ಹೋಗಿ ನನಗ ಹೇಳಿದ್ದನ್ನ ಹೇಳ್ರಿ," ಎಂದಳು.

"ದಾದಾ ಅಲ್ಲೇ ಕೂತಾರ್ರಿ. ಅವರ ಮುಂದ?"

"ಅವರ ಮುಂದನ."

ಶೈಲೇಶ ಬಾಗಿಲು ತೆರೆದ. ಕಾಲು ಮಾತ್ರ ಹೊರಗಿಡಲಿಲ್ಲ.

*

ವೇದಿಕೆಯ ಮೆಟ್ಟಿಲ ಬಳಿ ರೂಪಾಲಿಯ ಅವ್ವ ಕಸ್ತೂರಬಾಯಿ ಕುಳಿತಿದ್ದರು. ಬಿಳಿಯ ಇಳಕಲ್ ಸೀರೆ, ನೆಟ್ಟಗಿನ ಬೆನ್ನು. ಮನೀಷಾ ಅವರ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಅಕ್ಕಲಕೋಟದಲ್ಲಿ ಕಂಡದ್ದನ್ನೂ ಶೈಲೇಶ ಹೇಳಿದ್ದನ್ನೂ ಕಿವಿಯಲ್ಲಿ ಹೇಳಿದಳು. ಫೋನಿನ ಮಾತು ಒಂದನ್ನು ಬಿಟ್ಟಳು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಈ ಗಳಿಗೆಯಲ್ಲಿ ಅದನ್ನು ಹೇಳಲು ಅವಳ ನಾಲಿಗೆ ಏಳಲಿಲ್ಲ.

ಕಸ್ತೂರಬಾಯಿ ಆಶ್ಚರ್ಯಪಡಲಿಲ್ಲ.

"ಅದ ತಾಲೀಮು ಮನ್ಯಾಗೂ ಇತ್ತವಾ. ರೂಪಾಲಿ ಮದಿವಿ ಮಾತು ಬಂದಾಗ ನಾ ಒಲ್ಲೆ ಅಂದಿದ್ದೆ. ನೀ ನಾನಾಗು, ನಾ ನೀನಾಗ್ತೀನಿ ಅಂದ್ರು. ನಾ ಅವರಾಗಿ ಜಗಳಾಡಾಡಿ ಕಡೀಕ ನನ್ನ ಬಾಯಿಂದನ ಹೂಂ ಬಂತು. ಭಾಳ ಕಿಡಿಗೇಡಿ ಇದ್ರು ನಮ್ಮ ಮನಿಯವರು." ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ನೀ ಹೇಳಿದ್ದು ಛಲೋ ಆತು. ನಿನ್ನಿ ರಾತ್ರಿಯಿಂದ ನಾ ಅವರ ಫೋಟೊದ ಜೋಡಿ ಮಾತು ಬಿಟ್ಟಿದ್ದೆ."

ಅವರ ಹೆಸರು ಕರೆದರು. ನಡೆಯಲು ಮನೀಷಾ ಕೈಕೊಟ್ಟಳು. ಅವರು ಹಿಡಿಯಲಿಲ್ಲ.

ವೇದಿಕೆಯ ನಡುವೆ ಹಲಕುಡೆಯವರ ದೊಡ್ಡ ಫೋಟೊ. ಪಕ್ಕದಲ್ಲಿ ಉದಯಕುಮಾರ ದಾದಾ, ಬಿಳಿಯ ಬಟ್ಟೆಯಲ್ಲಿ, ತಲೆ ತಗ್ಗಿಸಿ. ಮೈಕಿನ ಮುಂದೆ ಕಸ್ತೂರಬಾಯಿ ನಿಂತಾಗ ಸಭೆಯಲ್ಲಿ ಫೋನುಗಳು ಮೇಲೆದ್ದವು. ಹಿಂದಿನ ಸಾಲಿನಲ್ಲಿ ಮುಕ್ತಾಬಾಯಿ ಎದ್ದು ನಿಂತಿದ್ದಳು.

"ಎಲ್ಲಾರಿಗೂ ಶರಣು. ನಮ್ಮ ಮನಿಯವರನ್ನ ಹೊಗಳ್ರಿ ಅಂತ ನಾ ಕೇಳಾಕ ಬಂದಿಲ್ಲ. ಅವರಿಗೆ ಹೊಗಳಿಕಿ ಸೇರತಿದ್ದಿಲ್ಲ. ನಿಮ್ಮ ಫೋನಿನಾಗ ಬಂದ ದನಿ ಅವರದ ಹೌದು."

ಸಭೆಯುದ್ದಕ್ಕೂ ಗುಜುಗುಜು ಎದ್ದಿತು. ದಾದಾ ತಲೆಯೆತ್ತಿದರು.

"ದನಿ ಅವರದು. ಮಾತು ಅವರದಲ್ಲ. ಯಾರದು ಅನ್ನೂದನ್ನ ಈಗ..."

ಕಸ್ತೂರಬಾಯಿಯವರ ತುಟಿಗಳು ಆಡುತ್ತಲೇ ಇದ್ದವು. ಸಭಾಗೃಹಕ್ಕೆ ಏನೂ ಕೇಳಲಿಲ್ಲ. ಮೈಕು ಸತ್ತಿತ್ತು.

ದೀಪಗಳು ಉರಿಯುತ್ತಿದ್ದವು, ಫ್ಯಾನುಗಳು ತಿರುಗುತ್ತಿದ್ದವು. ವಿದ್ಯುತ್ತು ಹೋಗಿರಲಿಲ್ಲ. ಮನೀಷಾ ಮೈಕಿನ ತಂತಿಯ ಹಿಂದೆಯೇ ಕಣ್ಣೋಡಿಸಿದಳು. ಅದು ವೇದಿಕೆಯ ಅಂಚು ಇಳಿದು, ಬದಿಯ ಪರದೆಯ ಮರೆಗೆ ಹೋಗಿತ್ತು. ಅವಳು ಮೆಟ್ಟಿಲು ಹಾರಿ ಓಡಿದಳು, ಪರದೆ ಎಳೆದಳು.

ಗೋಡೆಯಿಂದ ಕಿತ್ತ ಪ್ಲಗ್ಗನ್ನು ಎದೆಗೆ ಒತ್ತಿಕೊಂಡು ರೂಪಾಲಿ ನಿಂತಿದ್ದಳು.

"ಅವ್ವ ಪೂರಾ ಹೇಳಿದ್ರ ಅಪ್ಪನ ಫೋನಿನಿಂದ ಇದನ್ನ ಕತ್ತರಿಸಿದವರು ಯಾರು ಅಂತ ಕೇಳ್ತಾರಕ್ಕಾ, ನಮ್ಮ ಮನ್ಯಾಗ ಕನ್ನಡ ಬರದವರು ನಮ್ಮ ಮನಿಯವರೊಬ್ರ," ಎಂದಳು.